ಮಕ್ಕಳ ಬೆರಳಿಗೆ ಬ್ರೇಕ್ ಎಟುಕುತ್ತದಾ ನೋಡದೆ ಘಟ್ಟದ ಸೈಕಲ್ ಪ್ಯಾಕೇಜಿಗೆ ದುಡ್ಡು ಹಾಕಬೇಡಿ

ಸಣ್ಣವನ ಕೈಯ ಪ್ಲಾಸ್ಟರ್ ಮೊನ್ನೆ ಶನಿವಾರ ತೆಗೆಸಿದೆವು. ಅದರ ಮೇಲೆ ಕ್ಲಾಸಿನ ಮಕ್ಕಳೆಲ್ಲ ಸೇರಿ ಸ್ಕೆಚ್ ಪೆನ್ನಿನಲ್ಲಿ ಸೈಕಲ್ ಚಿತ್ರ ಬಿಡಿಸಿದ್ದರು. ಅವನಿಗೆ ಅದೇ ದೊಡ್ಡ ಹೆಮ್ಮೆ. ನನಗೆ ಅದನ್ನು ನೋಡಿದಾಗೆಲ್ಲ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು. ಕೈ ಸರಿಯಾಗುವ ತನಕ, ಅದು ಮುರಿದ ಆ ಪ್ರವಾಸದ ಸುದ್ದಿಯೇ ಬೇಡ ಅಂತ ಸುಮ್ಮನಿದ್ದೆ. ಈಗ ಕ್ರಿಸ್ಮಸ್ ರಜೆ ಬಂತು. ನಮ್ಮ ಉಡುಪಿ-ಮಣಿಪಾಲದ ಕಡೆಯ ಮೂರು ಮನೆಯವರು ಆಗಲೇ ಕೇಳಿ ಆಯ್ತು, "ಘಟ್ಟದ ಮೇಲೆ ಸೈಕಲ್ ಪ್ಯಾಕೇಜ್ ಹೇಗುಂಟು, ನೀವು ಹೋಗಿದ್ರಲ್ಲ?" ಅಂತ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ನಾವು ಹೋದ ಹೋಂಸ್ಟೇ ಹೆಸರು ಹಾಕುವುದಿಲ್ಲ. ಹಾಕಿದರೂ ಹೆಸರು ಬದಲಿಸಿ ಇನ್ನೊಂದು ಪೋಸ್ಟರ್ ಮಾಡಲು ಅವರಿಗೆ ಅರ್ಧ ದಿನ ಸಾಕು.

ಸೈಕಲ್ ನಮಗೆ ಹೊಸತಲ್ಲ. ಭಾನುವಾರ ಬೆಳಿಗ್ಗೆ ಇವರು, ನಾನು, ದೊಡ್ಡವಳು, ಸಣ್ಣವ ನಾಲ್ಕೂ ಜನ ಮಲ್ಪೆಯಿಂದ ಪಡುಕೆರೆ ಕಡೆಗೆ ಹೊಡೆಯುತ್ತೇವೆ. ಒಂದು ಬದಿ ಸಮುದ್ರ, ಒಂದು ಬದಿ ಹೊಳೆ. ದಾರಿ ದೋಸೆ ಕಾವಲಿಯ ಹಾಗೆ ಚಪ್ಪಟೆ. ಹದಿನೈದು ಕಿಲೋಮೀಟರ್ ಆರಾಮಾಗಿ ಹೋಗಿ ಬರುತ್ತೇವಲ್ಲ, ಇನ್ನು ಗುಡ್ಡವೂ ಆಗ್ತದೆ ಅಂತ ಇವರಿಗೆ ಅನಿಸಿತು. ದಸರಾ ರಜೆಗೆ ಸರಿಯಾಗಿ ಮಂಗಳೂರಿನಲ್ಲಿರುವ ನನ್ನ ತಮ್ಮ ಒಂದು ಪೋಸ್ಟರ್ ಕಳಿಸಿದ. ಕಳಸದ ಹತ್ತಿರ 'ಫ್ಯಾಮಿಲಿ ಮೌಂಟನ್ ಬೈಕಿಂಗ್', ಎರಡು ರಾತ್ರಿ ಮೂರು ದಿನ. ಫೋಟೋದಲ್ಲಿ ಬಿಳಿಯರ ಒಂದು ಸಂಸಾರ ನಗುತ್ತಾ ಸೈಕಲ್ ಹೊಡೆಯುತ್ತಿತ್ತು, ಹಿಂದೆ ಹಿಮದ ಬೆಟ್ಟ. ಕಳಸದಲ್ಲಿ ಹಿಮ ಬಿದ್ದದ್ದು ಯಾವಾಗ ಮಾರಾಯ್ರೆ! ಆಗಲೇ ಅನುಮಾನ ಬರಬೇಕಿತ್ತು. ನಾವು ನಗಾಡಿಕೊಂಡು ಐದು ಜನಕ್ಕೆ 24,000 ಅಂತ ಒಪ್ಪಿ, ಅರ್ಧ ದುಡ್ಡು ಯಾರದ್ದೋ ಸ್ವಂತ ನಂಬರಿಗೆ ಹಾಕಿಬಿಟ್ಟೆವು. ರಸೀದಿ ಇಲ್ಲ. "ಮೆಸೇಜೇ ರಸೀದಿ ಮೇಡಂ" ಅಂದರು.

ಫೋನಿನಲ್ಲಿ ನಾನು ಏನೇನು ಕೇಳಿದೆ ಅಂತ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಬಿಸಿನೀರು ಉಂಟಾ? ರೂಮಿಗೆ ಇಂಬಳ ಬರ್ತದಾ? ಮಕ್ಕಳಿಗೆ ಖಾರ ಕಡಿಮೆ ಮಾಡ್ತೀರಾ? ಬೆಳಿಗ್ಗೆ ಕಡುಬಾ, ಅಕ್ಕಿ ರೊಟ್ಟಿಯಾ? ಎಲ್ಲದಕ್ಕೂ ಬಹಳ ಚೆಂದ ಉತ್ತರ ಬಂತು. ಸೈಕಲ್ ಬಗ್ಗೆ ಕೇಳಿದ್ದು ಒಂದೇ ಮಾತು, "ಮಕ್ಕಳ ಸೈಕಲ್ ಉಂಟಲ್ಲ?" "ಎಲ್ಲಾ ಸೈಜೂ ಇದೆ ಮೇಡಂ, ತಲೆಬಿಸಿ ಮಾಡ್ಕೋಬೇಡಿ."

ಕಾರ್ಕಳ, ಬಜಗೋಳಿ ದಾಟಿ ಕುದುರೆಮುಖದ ದಾರಿ ಹಿಡಿದೆವು. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದು ಚೀಟಿ ಕೊಟ್ಟರು. ರಾಷ್ಟ್ರೀಯ ಉದ್ಯಾನದ ಒಳಗೆ ಕಂಡಕಂಡಲ್ಲಿ ನಿಲ್ಲಿಸುವ ಹಾಗಿಲ್ಲ. ಆ ಹುಲ್ಲು ಗುಡ್ಡ, ಅದರ ಮಡಿಕೆಯಲ್ಲಿ ಶೋಲಾ ಕಾಡು, ಮೇಲೆ ಮಂಜು. ದಾರಿ ಮಾತ್ರ ಸ್ವರ್ಗ. ಊಟ, ರೂಮು ಕೂಡ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮರುದಿನ ಬೆಳಿಗ್ಗೆ ಸೈಕಲ್ ತೋರಿಸಿದರು. ಹಳೇ ಕಾಫಿ ಚೀಲ, ಅಡಿಕೆ ತಟ್ಟಿಗಳ ನಡುವೆ ಶೀಟಿನ ಮಾಡಿನ ಕೆಳಗೆ ಹತ್ತು ಹನ್ನೊಂದು ಸೈಕಲ್ ಒರಗಿಸಿಟ್ಟಿದ್ದರು. ದಪ್ಪ ದಪ್ಪ ಟಯರು, ಮುಂದೆ ಹಿಂದೆ ಸ್ಪ್ರಿಂಗ್, ಕಣ್ಣು ಕುಕ್ಕುವ ಬಣ್ಣ. ನೋಡಿದರೆ ಇದಕ್ಕಿಂತ ಮೌಂಟನ್ ಬೈಕ್ ಬೇರೆ ಇಲ್ಲ ಅನ್ನಬೇಕು. ದೊಡ್ಡವಳು ತನ್ನ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮೇಲೆ ಅರ್ಧ ಎದ್ದುಹೋದ ಒಂದು ಸಣ್ಣ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದು ಓದಿದಳು. ಆಫ್‌ರೋಡ್ ಬಳಕೆಗೆ ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. "ಅಮ್ಮಾ, ಇದರಲ್ಲೇ ಬರೆದುಂಟು ನೋಡು" ಅಂದಳು. ಜೊತೆಗೆ ಬರುವ ಹುಡುಗ, ಇಪ್ಪತ್ತು ವರ್ಷ ಇರಬಹುದು, "ಅದೆಲ್ಲ ಕಂಪೆನಿಯವರು ಸುಮ್ನೆ ಅಂಟಿಸ್ತಾರೆ ಅಕ್ಕ" ಅಂದ. ಸುಮ್ನೆ ಅಲ್ಲ. ಕಡಿಮೆ ಬೆಲೆಯ ಇಂಥ ಸೈಕಲ್ಲುಗಳಿಗೆ ಸ್ಪ್ರಿಂಗ್ ಇರುವುದು ಚೆಂದಕ್ಕೆ. ಕಲ್ಲು ದಾರಿಯಲ್ಲಿ ಇಳಿಸುವುದಕ್ಕೆ ಅಂತ ಅವನ್ನು ಮಾಡಿರುವುದಿಲ್ಲ.

'ಎಲ್ಲಾ ಸೈಜ್' ಅಂದರೆ ಎರಡೇ ಸೈಜ್, 24 ಇಂಚು ಮತ್ತು 26. ಸಣ್ಣವನಿಗೆ ಒಂಬತ್ತು ವರ್ಷ, ಮೊದಲೇ ಪೀಚು. ಮನೆಯಲ್ಲಿ ಹೊಡೆಯುವುದು 20 ಇಂಚಿನದ್ದು. 24ರ ಸೀಟನ್ನು ಪೂರ್ತಿ ಇಳಿಸಿದರೂ ಅವನ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತಿತ್ತು. ಹೆಲ್ಮೆಟ್ ದೊಡ್ಡವರದ್ದು. ಆ ಹುಡುಗ ಒಳಗೆ ಒಂದು ಬಟ್ಟೆ ತುರುಕಿ "ಈಗ ಫಿಟ್" ಅಂದ. ಹೆಲ್ಮೆಟ್ ತಲೆಗೆ ಹೇಗೆ ಕೂರಬೇಕು ಅಂತ ಆಮೇಲೆ ಡಾಕ್ಟರು ಹೇಳಿದರು. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು ಇರಬೇಕು. ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಒಂದೇ ಜಾರಬಾರದು. ಬಟ್ಟೆ ತುರುಕುವುದಂತೂ ಲೆಕ್ಕಕ್ಕೇ ಇಲ್ಲ. ಇನ್ನೊಂದು, ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಸದರ ಹಾಗೆ ಕಂಡರೂ ಪ್ರಯೋಜನವಿಲ್ಲ. ಒಳಗಿನ ಥರ್ಮಾಕೋಲ್ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಪೆಟ್ಟು ಹೀರುವುದಿಲ್ಲ. ಬಾಡಿಗೆ ಹೆಲ್ಮೆಟ್ ಎಷ್ಟು ತಲೆ, ಎಷ್ಟು ಪೆಟ್ಟು ಕಂಡಿದೆಯೋ ಯಾರಿಗೆ ಗೊತ್ತು? ನಮ್ಮದೇ ಹೆಲ್ಮೆಟ್ ಮನೆಯ ಮೊಳೆಗೆ ನೇತಾಡುತ್ತಿತ್ತು. "ಅಲ್ಲೇ ಕೊಡ್ತಾರಲ್ಲ, ಡಿಕ್ಕಿಯಲ್ಲಿ ಜಾಗ ಇಲ್ಲ" ಅಂತ ಬಿಟ್ಟು ಬಂದವಳು ನಾನೇ.

ಬ್ರೇಕ್ ಯಾರೂ ನೋಡಲಿಲ್ಲ. ಇವರು ಟಯರ್ ಒತ್ತಿ ನೋಡಿದರು, ತಮ್ಮ ಗೇರ್ ಹಾಕಿ ನೋಡಿದ. ಗಂಡಸರಿಗೆ ಗೇರ್ ಕಂಡರೆ ಸಾಕು, ಬೇರೆ ಏನೂ ಕಾಣುವುದಿಲ್ಲ.

'ಈಸಿ ಟ್ರೇಲ್, ಎಂಟು ಕಿಲೋಮೀಟರ್' ಅಂದಿದ್ದರು. ಮೊದಲ ಮೂರು ಕಿಲೋಮೀಟರ್ ತೋಟದ ಜೀಪ್ ದಾರಿ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಕಾಫಿ. ಖುಷಿಯಾಗಿಯೇ ಇತ್ತು. ಆಮೇಲೆ ಆ ಹುಡುಗ ಒಂದು ಮುರಿದ ಬೇಲಿ ದಾಟಿಸಿ ಕಾಡಿನೊಳಗೆ ಕರೆದುಕೊಂಡು ಹೋದ. ದಾರಿಯಲ್ಲಿ ಕಾಟಿಯ, ಅಂದರೆ ಕಾಡುಕೋಣದ, ಸೆಗಣಿ ಹಸಿಹಸಿ ಬಿದ್ದಿತ್ತು. ಆಗ ಹುಡುಗ ಹೇಳಿದ, "ಫಾರೆಸ್ಟ್ ಗಾರ್ಡ್ ಯಾರಾದ್ರೂ ಸಿಕ್ಕಿದ್ರೆ ನಮ್ಮ ಹೋಂಸ್ಟೇ ಹೆಸರು ಹೇಳ್ಬೇಡಿ ಅಕ್ಕ. ದಾರಿ ತಪ್ಪಿ ಬಂದ್ವಿ ಅನ್ನಿ." ಅಲ್ಲಿಂದಲೇ ತಿರುಗಬೇಕಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಪರವಾನಗಿ ಇಲ್ಲದೆ ನುಗ್ಗುವುದು ಅಪರಾಧ. ಮೀಸಲು ಅರಣ್ಯಕ್ಕೂ ಅದರದ್ದೇ ಕಾನೂನು ಉಂಟು. ಕೇಸ್ ಬಿದ್ದರೆ ಪೋಸ್ಟರ್ ಮಾಡಿದವರ ಮೇಲೆ ಮಾತ್ರ ಅಲ್ಲ, ಸೈಕಲ್ ಮೇಲೆ ಕೂತವರ ಮೇಲೂ ಬೀಳಬಹುದು. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ದುಡ್ಡು ಕೊಟ್ಟಾಗಿದೆ ಅನ್ನುವ ಒಂದು ದರಿದ್ರ ಯೋಚನೆ ಉಂಟಲ್ಲ, ಅದು ಇಬ್ಬರ ಬಾಯನ್ನೂ ಮುಚ್ಚಿಸಿತು.

ಇಳಿಜಾರು ಶುರುವಾದದ್ದು ಅಲ್ಲಿಂದ. ಕರಾವಳಿಯಲ್ಲಿ ಸೈಕಲ್ ಹೊಡೆಯುವವರಿಗೆ ಇದೊಂದು ಗೊತ್ತಿರುವುದಿಲ್ಲ. ನಾವು ಹೆದರುವುದು ಏರಿಗೆ. ಏರು ಅಂದರೆ ದಮ್ಮು ಕಟ್ಟುತ್ತದೆ, ಇಳಿದು ತಳ್ಳಬಹುದು, ಅಷ್ಟೇ. ಇಳಿಜಾರಿನಲ್ಲಿ ಕಾಲಿಗೆ ಕೆಲಸವಿಲ್ಲ, ಇಡೀ ಭಾರ ಅಂಗೈಗೆ. ಇಪ್ಪತ್ತು ನಿಮಿಷ ಬ್ರೇಕ್ ಹಿಡಿದೇ ಇಳಿದರೆ ದೊಡ್ಡವರ ಬೆರಳೇ ಮರಗಟ್ಟುತ್ತದೆ. ಪಡುಕೆರೆಯಲ್ಲಿ ನಾವು ಎರಡು ವರ್ಷದಲ್ಲಿ ಬ್ರೇಕ್ ಹಿಡಿದದ್ದು ನಾಯಿ ಅಡ್ಡ ಬಂದಾಗ ಮಾತ್ರ! ಬಿಡದೆ ಹಿಡಿದರೆ ಪ್ಯಾಡ್ ಕಾದು ಹಿಡಿತವೇ ಹೋಗುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕಂತೆ. ಇದನ್ನು ಆ ಹುಡುಗ ಹೇಳಿಕೊಡಲಿಲ್ಲ. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನಡುವೆ ಒಮ್ಮೆ ನಿಂತಾಗ ಇವರು ಚಕ್ರದ ನಡುವಿನ ಬ್ರೇಕ್ ಡಿಸ್ಕ್ ಬಿಸಿಯಾಗಿದೆಯಾ ಅಂತ ಬೆರಳಿಟ್ಟು ನೋಡಿ ಬೊಬ್ಬೆ ಬರಿಸಿಕೊಂಡರು. ನೀವು ಮುಟ್ಟಬೇಡಿ.

ಸಣ್ಣವ ನನ್ನ ಮುಂದೆಯೇ ಇದ್ದ. ಹಿಂದಿನ ದಿನದ ಮಳೆಗೆ ಕೆಂಪು ಮಣ್ಣು ಸಾಬೂನಿನ ಹಾಗೆ ಜಾರುತ್ತಿತ್ತು. "ಅಮ್ಮಾ, ಬ್ರೇಕ್ ಸಿಗ್ತಾ ಇಲ್ಲ" ಅಂದ. ಸಿಗ್ತಾ ಇಲ್ಲ ಅಂದರೇನು ಅಂತ ನನಗೆ ಆಗ ಅರ್ಥವಾಗಲಿಲ್ಲ. "ಗಟ್ಟಿ ಹಿಡಿ ಮಗಾ" ಅಂತ ಕೂಗಿದೆ. ಗಟ್ಟಿ ಹಿಡಿಯುವುದು ಹೇಗೆ? ಬ್ರೇಕಿನ ಲಿವರ್ ಹ್ಯಾಂಡಲ್ಲಿನಿಂದ ಅಷ್ಟು ದೂರ ಇತ್ತು. ಅವನ ಬೆರಳಿನ ತುದಿ ಮಾತ್ರ ಅದಕ್ಕೆ ತಾಗುತ್ತಿತ್ತು. ಹಿಡಿಯಬೇಕಾದರೆ ಹ್ಯಾಂಡಲ್ ಬಿಟ್ಟು ಕೈ ಮುಂದೆ ಸರಿಸಬೇಕು. ಅವನು ಹಾಗೇ ಸರಿಸಿದ. ಮುಂದಿನ ಚಕ್ರ ಒಂದು ಬೇರಿಗೆ ತಾಗಿ ಹ್ಯಾಂಡಲ್ ತಿರುಗಿತು. ಹಾರಿ ತೋಟದ ನೀರಿನ ಕಣಿಗೆ ಬಿದ್ದ, ಕೈ ಊರಿಕೊಂಡೇ ಬಿದ್ದ.

ಮೊಬೈಲಿಗೆ ಸಿಗ್ನಲ್ ಇಲ್ಲ. ಐದೂ ಫೋನು ಎತ್ತಿ ಹಿಡಿದು ನಿಂತೆವು, ಒಂದಕ್ಕೂ ಇಲ್ಲ. ಫಸ್ಟ್ ಏಡ್ ಡಬ್ಬ ಹೋಂಸ್ಟೇಯಲ್ಲಿ ಉಂಟಂತೆ. ಕೆಳಗೆ ತೋಟದ ಆಳುಗಳ ಲೈನ್ ಮನೆಯಿಂದ ಅಳು ಕೇಳಿ ಒಬ್ಬರು ಅಜ್ಜಿ ಬಂದರು. ಏನೂ ಮಾತಾಡದೆ ಮುಂಗೈ ನೋಡಿದರು. ಒಣಗಿ ಬಿದ್ದ ಅಡಿಕೆ ಹಾಳೆ ಒಂದನ್ನು ತಂದು ಕತ್ತಿಯಲ್ಲಿ ಉದ್ದಕ್ಕೆ ಸೀಳಿ, ನನ್ನ ಹೆಗಲ ಮೇಲಿದ್ದ ಬೈರಾಸು ತೆಗೆದುಕೊಂಡು, ಕೈಗೆ ಮೆತ್ತಗೆ ಬಟ್ಟೆ ಸುತ್ತಿ, ಎರಡೂ ಬದಿ ಹಾಳೆ ಇಟ್ಟು ಕಟ್ಟಿದರು. "ತಿರುಚ್ಬೇಡ ಪುಟ್ಟಾ, ಹಿಂಗೇ ಎದೆಗೆ ಒತ್ಕೊ" ಅಂದರು. ಆಮೇಲೆ ಉಡುಪಿಯ ಡಾಕ್ಟರು ಆ ಕಟ್ಟನ್ನು ಬಿಚ್ಚುವಾಗ "ಇದು ಯಾರು ಮಾಡಿದ್ದು? ಚೆನ್ನಾಗಿ ಮಾಡಿದ್ದಾರೆ" ಅಂದರು. ಅಜ್ಜಿಯ ಹೆಸರು ಕೂಡ ಕೇಳಿಕೊಳ್ಳಲಿಲ್ಲ ನಾವು.

ಅಲ್ಲಿಂದ ರಸ್ತೆಗೆ ಬರುವಷ್ಟರಲ್ಲಿ ಅರಣ್ಯ ಇಲಾಖೆಯ ಜೀಪ್ ಸಿಕ್ಕಿತು. ಅವರು ಮೊದಲು ಸರಿಯಾಗಿ ಬೈದರು. "ಮಕ್ಕಳನ್ನ ಕರ್ಕೊಂಡು ಬರೋ ಜಾಗನಾ ಇದು ಮಾರ್ರೆ?" ಆಮೇಲೆ ಮಗುವಿನ ಕೈ ನೋಡಿ ಏನೂ ಹೇಳದೆ ಹತ್ತಿಸಿಕೊಂಡರು. ರಜೆಯ ದಿನ, ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರಿಲ್ಲ. ನೋವಿನ ಔಷಧಿ ಕೊಟ್ಟು ಕಳಿಸಿದರು. ಮತ್ತೆ ಅದೇ ಘಟ್ಟ ಇಳಿದು ಉಡುಪಿಗೆ ಬಂದೆವು. ಒಂದೊಂದು ತಿರುವಿಗೂ ಅವನು ಹಲ್ಲು ಕಚ್ಚುವುದು ಕಾಣುತ್ತಿತ್ತು. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ, ಪೂರ್ತಿ ತುಂಡಾಗದೆ ಒಂದು ಬದಿ ಸೀಳಿದೆ ಅಂತ ಹೇಳಿ ಪ್ಲಾಸ್ಟರ್ ಹಾಕಿದರು. ಆರು ವಾರ.

ದುಡ್ಡಿನ ಕತೆ ಚಿಕ್ಕದು. ಉಳಿದ 12,000 ನಾವು ಕೊಡಲಿಲ್ಲ. ಅವರು ಕೊಡಿ ಅಂದರು, ಜೊತೆಗೆ ಸೈಕಲ್ ರಿಪೇರಿಗೆ 6,500 ಬೇರೆ ಕೇಳಿದರು. ಮಗುವಿನ ಕೈ ಹೇಗುಂಟು ಅಂತ ಒಂದು ಮಾತು ಕೇಳಲಿಲ್ಲ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ರಿಪೇರಿ ಸುದ್ದಿ ನಿಂತಿತು, ಅಡ್ವಾನ್ಸ್ ಮಾತ್ರ ಇನ್ನೂ ಬಂದಿಲ್ಲ. ರಸೀದಿ ಇದ್ದಿದ್ದರೆ ಸುಲಭ ಇತ್ತು. ತಮ್ಮ ಇನ್ನೂ ನನ್ನ ಎದುರು ತಲೆ ಎತ್ತಿ ಮಾತಾಡುತ್ತಿಲ್ಲ. ಅವನದ್ದೇನು ತಪ್ಪು, ಹೂಂ ಅಂದವರು ನಾವು.

ಹಾಗಾದರೆ ಹೋಗಲೇ ಬಾರದಾ? ಹೋಗಿ. ಆದರೆ ಊಟದ ಮೆನು ಕೇಳುವ ಮೊದಲು ಸೈಕಲ್ಲಿನ ಫೋಟೋ ಕೇಳಿ, ಪೋಸ್ಟರಿನದ್ದಲ್ಲ, ಅಲ್ಲಿ ನಿಂತಿರುವ ಸೈಕಲ್ಲಿನದ್ದು. ಮಗುವಿನ ಎತ್ತರ ಹೇಳಿ ಚಕ್ರ ಎಷ್ಟು ಇಂಚು ಅಂತ ಕೇಳಿ. ದಾರಿ ಯಾರ ಜಾಗದಲ್ಲಿ ಹೋಗುತ್ತದೆ, ಬರಹದಲ್ಲಿ ಪರವಾನಗಿ ಉಂಟಾ, ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ. ಒಟ್ಟು ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಒಂದೇ ಸಮ ಎಷ್ಟು ಹೊತ್ತು ಇಳಿಯಬೇಕು ಅನ್ನುವುದು ಮುಖ್ಯ. ಅಲ್ಲಿ ಹೋದ ಮೇಲೆ ಯಾವ ಕೈಯ ಬ್ರೇಕ್ ಮುಂದಿನ ಚಕ್ರದ್ದು ಅಂತ ನೋಡಿಕೊಳ್ಳಿ, ಎಲ್ಲಾ ಸೈಕಲ್ಲಿನಲ್ಲಿ ಒಂದೇ ತರ ಇರುವುದಿಲ್ಲ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಗುಡುಗು ಮಳೆ ಜಾಸ್ತಿ. ಡಿಸೆಂಬರಿಗೆ ನೆಲ ಒಣಗಿರುತ್ತದೆ. ಆದರೆ ಆಗ ಕಾಫಿ ಕೊಯ್ಲು, ತೋಟದ ದಾರಿಯಲ್ಲಿ ಆಳುಗಳು, ಟ್ರ್ಯಾಕ್ಟರು ಓಡಾಡುತ್ತವೆ, ಅದನ್ನೂ ಕೇಳಿಕೊಳ್ಳಿ. ಹೊರಡುವ ಮೊದಲು ಎರಡು ಭಾನುವಾರ ಮಲ್ಪೆ ಬಿಟ್ಟು ಮಣಿಪಾಲದ ಗುಡ್ಡಕ್ಕೆ ಹೋಗಿ, ಗಾಡಿ ಕಡಿಮೆ ಇರುವ ಇಳಿಜಾರಿನಲ್ಲಿ ಮಕ್ಕಳಿಗೆ ಬ್ರೇಕ್ ಹಿಡಿದು ಬಿಡುವುದನ್ನು ರೂಢಿ ಮಾಡಿಸಿ.

ಪ್ಲಾಸ್ಟರ್ ತೆಗೆಸಿ ಬರುವಾಗ ಸಣ್ಣವನ ಸ್ವಂತ ಸೈಕಲನ್ನು ಕಲ್ಸಂಕದ ಹತ್ತಿರದ ಅಂಗಡಿಗೆ ಕೊಂಡುಹೋದೆವು. ಬಿದ್ದ ಕತೆ ಕೇಳಿ ಅಂಗಡಿಯವರು ಅವನ ಕೈಯನ್ನು ಹ್ಯಾಂಡಲ್ ಮೇಲೆ ಇಡಿಸಿದರು. ಬ್ರೇಕ್ ಲಿವರಿನ ಬುಡದಲ್ಲಿ ಕಡಲೆಬೇಳೆಗಿಂತ ಸಣ್ಣ ಒಂದು ಸ್ಕ್ರೂ ಇತ್ತು. ಎಲ್ ಕೀ ಹಾಕಿ ಎರಡು ಸುತ್ತು ತಿರುಗಿಸಿದರು. ಲಿವರ್ ತಾನಾಗಿ ಹ್ಯಾಂಡಲ್ ಹತ್ತಿರ ಬಂತು. "ಈಗ ಎರಡೇ ಬೆರಳಲ್ಲಿ ಹಿಡಿ ನೋಡುವ." ಹಿಡಿದ. ಚಕ್ರ ಗಕ್ಕನೆ ನಿಂತಿತು.

"ಅಲ್ಲಿಯ ಸೈಕಲ್ಲಿಗೂ ಈ ಸ್ಕ್ರೂ ಇತ್ತಾ ಮಾಮ?" ಅಂತ ಕೇಳಿದ ಇವನು.

"ಇದ್ದಿರ್ತದೆ" ಅಂದರು ಅವರು. ಎಷ್ಟಾಯಿತು ಅಂತ ನಾನು ಪರ್ಸ್ ತೆಗೆದೆ. "ಇದಕ್ಕೆಲ್ಲ ಎಂಥ ದುಡ್ಡು ಅಕ್ಕ" ಅಂತ ಮುಂದಿನ ಪಂಕ್ಚರಿಗೆ ಕೈ ಹಾಕಿದರು.