ದಾವಣಗೆರೆ ಬಿಸಿಲಿಗೆ ಹವಳದ ತೊಟ್ಟಿ: ಫ್ಯಾನೋ, ಚಿಲ್ಲರೋ?

ಉಪ್ಪುನೀರಿನ ತೊಟ್ಟಿ ಇಡ್ತೀನಿ ಅಂದಾಗ ಮಂಗಳೂರಿನ ಗೆಳೆಯ ಹೇಳಿದ್ದು ಒಂದೇ ಮಾತು: "ಫ್ಯಾನಿಗೆ ದುಡ್ಡು ಹಾಳು ಮಾಡ್ಬೇಡ ಮಾರಾಯ, ಸೀದಾ ಚಿಲ್ಲರ್ ತಗೋ." ಚಿಲ್ಲರ್ ಅಂದರೆ ತೊಟ್ಟಿಯ ನೀರನ್ನು ಫ್ರಿಜ್ಜಿನ ಹಾಗೆ ತಣ್ಣಗೆ ಮಾಡುವ ಯಂತ್ರ. ಅವನ ಊರಿಗೆ ಆ ಮಾತು ಪೂರ್ತಿ ಸರಿ. ನಮ್ಮೂರಿಗೆ ಅರ್ಧ ಮಾತ್ರ ಸರಿ ಅಂತ ತಿಳಿಯೋಕೆ ನನಗೆ ಎರಡು ಬೇಸಿಗೆ ಹಿಡಿಯಿತು. ಮೊದಲನೆಯದು ಬರೀ ಫ್ಯಾನಿನಲ್ಲಿ, ಎರಡನೆಯದು ಬರೀ ಚಿಲ್ಲರಿನಲ್ಲಿ.

ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು ತಿಂದ ಜಾಗವನ್ನು ಕೆಳಗೆ ಜೋಡಿಸಿದ ಸಣ್ಣ ತೊಟ್ಟಿ, ಅಂದರೆ ಸಂಪು, ತುಂಬಿಕೊಡುವುದರಿಂದ ಲೆಕ್ಕಕ್ಕೆ 190 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಗಡಿ, ಉಳಿದದ್ದು ಝೀನಿಯಾ, ಝೋವಾಂಥಸ್, ಮಶ್ರೂಮ್ ಅನ್ನುವ ಹವಳಗಳು. ಎಲ್ಲ ಮೆದು ಜಾತಿ. ಕಲ್ಲುಹವಳ ಯಾಕಿಲ್ಲ ಅಂತ ಕೇಳುವವರಿಗೆ: ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಯಾರಾದರೂ ಕವರಿನಲ್ಲಿ ಕಟ್ಟಿ ಕೊಡಲು ಬಂದರೂ ಬೇಡ ಅನ್ನಿ.

ಇವಕ್ಕೆಲ್ಲ 25ರಿಂದ 27 ಡಿಗ್ರಿ ಹಿತ. 30ರ ಹತ್ತಿರ ದಿನಗಟ್ಟಲೆ ನಿಂತರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನಮ್ಮ ಹಾಲ್ ಏಪ್ರಿಲ್ ಮಧ್ಯಾಹ್ನ 36 ಮುಟ್ಟುತ್ತದೆ.

ಮೊದಲ ವರ್ಷ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಎರಡನ್ನು ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕೂರಿಸಿದೆ. ಏಪ್ರಿಲ್ ಪೂರ್ತಿ ನೀರು 27.5 ದಾಟಲಿಲ್ಲ. ನಂಬಿಕೆ ಬರದೆ ಎರಡನೇ ಥರ್ಮಾಮೀಟರ್ ತಂದು ಇಳಿಬಿಟ್ಟೆ. ಅದೂ ಅಷ್ಟೇ ತೋರಿಸಿತು. ಇದು ಮಡಕೆ ನೀರಿನ ಕಥೆಯೇ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ನನ್ನ ತೊಟ್ಟಿಗೆ ಅಂದರೆ ಹತ್ತಿರ ಹತ್ತಿರ 3 ಡಿಗ್ರಿ. ನಮ್ಮ ಏಪ್ರಿಲ್ ಗಾಳಿ ಹಪ್ಪಳದಷ್ಟು ಒಣ, ಎಷ್ಟು ಆವಿ ಕೊಟ್ಟರೂ ಕುಡಿಯುತ್ತದೆ. ಮಂಗಳೂರಿನ ಗಾಳಿ ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಫ್ಯಾನು ಸುಮ್ಮನೆ ತಿರುಗುತ್ತದೆ.

ಈ ತಂಪಿಗೆ ಬೆಲೆ ನೀರು. ದಿನಕ್ಕೆ 6 ಲೀಟರ್ ಹೋಗುತ್ತಿತ್ತು. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ದಿನ ಮರೆತರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 36 ದಾಟುತ್ತದೆ, ಎರಡು ದಿನ ಮರೆತರೆ 37 ದಾಟುತ್ತದೆ. ಮತ್ತೆ ತುಂಬಬೇಕಾದದ್ದು ಸಪ್ಪೆ ನೀರು, ಅದೂ ಆರ್‌ಒ ನೀರು. ಬೋರ್ ನೀರು ಸುರಿದರೆ ಅದರಲ್ಲಿರುವುದೆಲ್ಲ ದಿನಾ ಒಟ್ಟುಗೂಡಿ ಕಲ್ಲಿಗೆ ಪಾಚಿ ಕಟ್ಟುತ್ತದೆ. ನಮ್ಮ ಆರ್‌ಒ ಒಂದು ಲೀಟರ್ ಕೊಡಲು ಮೂರು ಲೀಟರ್ ಚೆಲ್ಲುತ್ತದೆ. ನಲ್ಲಿ ನೀರು ಬರುವ ದಿನ ಎಣಿಸುವ ಬೇಸಿಗೆಯಲ್ಲಿ ಆ 18 ಲೀಟರನ್ನು ಬಕೆಟಿಗೆ ಹಿಡಿದು ನೆಲ ಒರೆಸಲು, ಗಿಡಕ್ಕೆ ಕೊಡದಿದ್ದರೆ ಮನೆಯಲ್ಲಿ ನನಗೆ ಊಟ ಸಿಗುತ್ತಿರಲಿಲ್ಲ.

ಏಪ್ರಿಲ್ ಗೆದ್ದೆ ಅಂತ ಬೀಗಿದ್ದೆ. ಸೋತದ್ದು ಮೇ ಕೊನೆಗೆ, ನಾಲ್ಕು ಮಳೆ ಬಿದ್ದ ಮೇಲೆ. ಬಿಸಿಲು ಕಮ್ಮಿಯಾಗಿ ಹಾಲ್ 33ಕ್ಕೆ ಇಳಿದಿತ್ತು, ಆದರೆ ಮೈಯೆಲ್ಲ ಅಂಟು ಅಂಟು. ಸಪ್ಪೆ ನೀರಿನ ಕ್ಯಾನು ಮೂರು ದಿನವಾದರೂ ಖಾಲಿಯಾಗಲಿಲ್ಲ. ನಾನೋ, ನೀರು ಉಳಿಯಿತಲ್ಲ ಅಂತ ಖುಷಿಪಟ್ಟೆ! ಕ್ಯಾನು ಇಳಿಯುತ್ತಿಲ್ಲ ಅಂದರೆ ಆವಿಯಾಗುತ್ತಿಲ್ಲ, ಆವಿಯಾಗದಿದ್ದರೆ ತಂಪಾಗುತ್ತಿಲ್ಲ ಅನ್ನುವುದು ಹೊಳೆಯಲಿಲ್ಲ. ಪುಟ್ಟ ಅಂಗೈಗಳನ್ನು ಮುಚ್ಚಿ ಬಿಚ್ಚಿ ಮಾಡುವ ಝೀನಿಯಾ ಒಂದು ಬೆಳಗ್ಗೆ ಮುಷ್ಟಿ ಕಟ್ಟಿಕೊಂಡೇ ಕೂತಿತ್ತು. ನೀರು 29.6. ವಾರದೊಳಗೆ ಅರ್ಧ ಗೊಂಚಲು ಲೋಳೆಯಾಗಿ ಕರಗಿತು. ಗಾಬರಿಯಲ್ಲಿ ಐಸ್ ಬಾಟಲಿ ತೇಲಿಬಿಟ್ಟೆ. ಒಂದು ಲೀಟರಿನ ಬಾಟಲಿ ಅರ್ಧ ಡಿಗ್ರಿ ಇಳಿಸುತ್ತದೆ, ಕರಗಿದ ಮೇಲೆ ನೀರು ಮತ್ತೆ ಏರುತ್ತದೆ. ಆ ಏರಿಳಿತ ಇನ್ನೂ ಕೆಟ್ಟದ್ದು.

ಮರುವರ್ಷ 14 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಚಿಲ್ಲರ್ ಬಂತು, ಹತ್ತರಲ್ಲೊಂದು ಎಚ್‌ಪಿಯದು. 26ಕ್ಕೆ ಇಟ್ಟರೆ 26. ಮೋಡವಿರಲಿ ಬಿಸಿಲಿರಲಿ, ಅದಕ್ಕೆ ಲೆಕ್ಕವಿಲ್ಲ. ಈ ವಿಷಯದಲ್ಲಿ ಫ್ಯಾನು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ನೀರಿನಿಂದ ತೆಗೆದ ಶಾಖವನ್ನು ಅದು ನಮ್ಮ ಹಾಲಿಗೇ ಊದುತ್ತದೆ. "ಮೀನಿಗೆ ಎಸಿ ಹಾಕ್ಸಿ ನಮ್ಮನ್ನ ಬೇಯಿಸ್ತೀಯೇನಪ್ಪಾ?" ಅಂತ ಅಮ್ಮ ಚಾಪೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಪ್ಲಗ್ ಮೀಟರ್ ಹಾಕಿ ನೋಡಿದೆ: ಏಪ್ರಿಲ್‌ನಲ್ಲಿ ದಿನಕ್ಕೆ ಎರಡೂವರೆ ಯೂನಿಟ್ ಮೇಲೆ. ಫ್ಯಾನ್ ಎರಡೂ ಸೇರಿ ಕಾಲು ಯೂನಿಟ್.

ಕರೆಂಟ್ ಹೋದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಕಂಡಿತು. ಫ್ಯಾನುಗಳು 12 ವೋಲ್ಟಿನವು, ಹಳೇ ಬ್ಯಾಟರಿಯಲ್ಲೇ ಇಡೀ ದಿನ ತಿರುಗುತ್ತವೆ. ಚಿಲ್ಲರ್ ಶುರುವಾಗುವಾಗ ಎಳೆಯುವ ಕರೆಂಟಿಗೆ ನಮ್ಮ ಇನ್ವರ್ಟರ್ ಕೂಗಿಕೊಂಡು ಆಫ್ ಆಯಿತು, ಜೊತೆಗೆ ಅಲೆ ಎಬ್ಬಿಸುವ ಪಂಪೂ ನಿಂತಿತು. ನಾಲ್ಕು ತಾಸಿಗೆ ನೀರು 28. ಆ ಏರಿಕೆಯನ್ನು ಮೀನು ತಡೆದುಕೊಳ್ಳುತ್ತದೆ, ಆದರೆ ನಿಂತ ನೀರಿನಲ್ಲಿ ಉಸಿರಿಗೆ ಕಷ್ಟ, ಬಿಸಿಯಾದಷ್ಟೂ ನೀರು ಆಮ್ಲಜನಕ ಕಮ್ಮಿ ಹಿಡಿಯುತ್ತದೆ. ಕ್ಲೌನ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಲೋಟದಲ್ಲಿ ನೀರು ಎತ್ತಿ ಸುರಿಯುತ್ತಾ ಕೂತೆ.

ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರ. ಭಟ್ಟಿಯ ಮಸಿ ಎರಡನ್ನೂ ಬಿಡಲಿಲ್ಲ. ಫ್ಯಾನು ಅದನ್ನು ನೀರಿನ ಮೇಲೆ ಕರಿ ಪೊರೆಯಾಗಿ ಹರಡಿತು. ಹಳೇ ಸೊಳ್ಳೆಪರದೆಯ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿದ ಮೇಲೆ ಕಮ್ಮಿಯಾಯಿತು. ಚಿಲ್ಲರಿನ ಜಾಲರಿ ತಿಂಗಳಲ್ಲೇ ಕಟ್ಟಿಕೊಂಡು ಉಬ್ಬಸ ಹಿಡಿದವರ ಹಾಗೆ ಸದ್ದು ಮಾಡತೊಡಗಿತು.

ಹೊಸದಾಗಿ ಇಡುವವರು ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯವರಾದರೆ ಮೊದಲು ಫ್ಯಾನು, ಬ್ಯಾಟರಿ, ತಾನಾಗಿ ಸಪ್ಪೆ ನೀರು ತುಂಬುವ ವ್ಯವಸ್ಥೆ, ಇಷ್ಟಕ್ಕೆ ದುಡ್ಡು ಹಾಕಿ. ಚಿಲ್ಲರ್ ಬೇಕಾಗುವುದು ಮೇ ಮಧ್ಯದಿಂದ ಮಳೆ ಹಿಡಿಯುವವರೆಗಿನ ಮೂರು ನಾಲ್ಕು ವಾರಕ್ಕೆ. ಕೈಯಲ್ಲಿ ಕಾಸಿದ್ದರೆ ಕೊಳ್ಳಿ. ಇಲ್ಲದಿದ್ದರೆ ಆ ವಾರಗಳಲ್ಲಿ ತೊಟ್ಟಿಯ ದೀಪವನ್ನು ದಿನಕ್ಕೆ ಐದು ತಾಸಿಗೆ ಇಳಿಸಿ ರಾತ್ರಿ ಹೊತ್ತು ಹಚ್ಚಿ, ಮೀನಿನ ಊಟ ಕಮ್ಮಿ ಮಾಡಿ. ನನ್ನ ಚಿಲ್ಲರ್ ಈಗ ಮಂಚದ ಕೆಳಗಿದೆ. ಕ್ಯಾನು ಇಳಿಯುವುದು ನಿಂತ ದಿನ ಹೊರಗೆ ಎಳೆಯುತ್ತೇನೆ, ಹಳೇ ಟೂತ್‌ಬ್ರಶ್‌ನಲ್ಲಿ ಜಾಲರಿಯ ಮಸಿ ಉಜ್ಜಿ.