ಇಸ್ಪೀಟ್ ಕ್ಲಬ್: ನಿಷೇಧ ಕೇಳೋಣವೇ, ಮಿತಿ ಕೇಳೋಣವೇ?

ಹುಬ್ಬಳ್ಳಿಯ ನಿಮ್ಮ ಓಣಿಗೆ ಇನ್ನೊಂದು ಇಸ್ಪೀಟ್ ಕ್ಲಬ್ ಬರುತ್ತಿದ್ದರೆ ಅರ್ಜಿಯಲ್ಲಿ ಏನು ಕೇಳಬೇಕು?

ಪೂರ್ತಿ ನಿಷೇಧ ಕೇಳುವುದು ಸುಲಭ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು, ಟಿಕೆಟ್ ಅಂಗಡಿಗಳು ಹೋದವು. ನಿಷೇಧವಿದ್ದರೂ ಮಟ್ಕಾ ಮಾತ್ರ ಹೋಗಿಲ್ಲ; ಚೀಟಿಯಲ್ಲಿ ನಂಬರ್ ಬರೆದುಕೊಡುವವರು ಈಗಲೂ ಸಿಗುತ್ತಾರೆ. ಮೇಲಾಗಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿನ ನಿಷೇಧದಿಂದ ಕೌಶಲದ ಆಟಕ್ಕೆ ವಿನಾಯಿತಿ ಇದೆ. ರಮ್ಮಿ ಆಡಿಸುವವರು ಅದನ್ನೇ ಮುಂದೆ ಮಾಡುತ್ತಾರೆ.

ಮಿತಿಯಾದರೆ ಒಂದೊಂದಾಗಿ ಕೇಳಬಹುದು: ಎಷ್ಟು ಕ್ಲಬ್, ಶಾಲೆಯಿಂದ ಎಷ್ಟು ದೂರ, ರಾತ್ರಿ ಎಷ್ಟು ಗಂಟೆವರೆಗೆ. ಗೋವಾ ಕ್ಯಾಸಿನೊ ನಿಷೇಧಿಸಲಿಲ್ಲ, 2020ರಲ್ಲಿ ಸ್ಥಳೀಯರ ಪ್ರವೇಶ ನಿಲ್ಲಿಸಿತು. ಇಲ್ಲಿಂದ ಹೋಗುವ ನಮ್ಮವರಿಗೆ ಅಲ್ಲಿನ ಬಾಗಿಲು ತೆರೆದೇ ಇದೆ ಅನ್ನೋದು ಸಂಕಟ.

ನಾನಾದರೆ ಕ್ಲಬ್‌ಗೆ ಮಿತಿ ಕೇಳುತ್ತೇನೆ, ಅದರಲ್ಲೂ ಸಮಯದ ಮಿತಿ. ಪಗಾರದ ದಿನ ಬೇಗ ಬಾಗಿಲು ಹಾಕಿದರೆ ಎಷ್ಟೋ ಮನೆಗಳಲ್ಲಿ ರೇಷನ್ ದುಡ್ಡು ಉಳಿಯುತ್ತದೆ, ಅಲ್ವಾ?