ಪ್ಯಾನ್, ಸ್ಲೂಯಿಸ್, ತೊಟ್ಟಿಲು: ಒಂದೇ ಹಳ್ಳದಲ್ಲಿ ಮೂರನ್ನೂ ಹಾಕಿ ನೋಡಿದೆ

ಈ ಮೂರೂ ಹಳ್ಳದ ಗರಸು ತೊಳೆದು ಚಿನ್ನ ಬೇರ್ಪಡಿಸುವ ಸಲಕರಣೆಗಳು. ಪ್ಯಾನ್ ಅಂದರೆ ಅಗಲ ಬಾಯಿಯ ತಟ್ಟೆ, ಉಳಿದೆರಡರ ವಿವರ ಮುಂದಿದೆ. ಆರು ಬಕೆಟ್ ಗರಸು ತೊಳೆಯಲು ಪ್ಯಾನ್‌ನಲ್ಲಿ 3 ತಾಸು ಹಿಡಿಯಿತು. ತೊಟ್ಟಿಲಲ್ಲಿ ಒಂದೂವರೆ ತಾಸು. ಸ್ಲೂಯಿಸ್‌ನಲ್ಲಿ 40 ನಿಮಿಷ. ಇಷ್ಟು ಓದಿದರೆ ಸ್ಲೂಯಿಸ್ ಗೆದ್ದಂತೆ ಕಾಣುತ್ತದೆ, ಅಲ್ವಾ? ಮೊದಲ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ಜಾಗ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿ. ರೀಫ್ಟನ್ ಅನ್ನುವ ಸಣ್ಣ ಊರಿನ ಹತ್ತಿರ ಸ್ಲ್ಯಾಬ್ ಹಟ್ ಕ್ರೀಕ್ ಅಂತ ಒಂದು ಹಳ್ಳ ಇದೆ. ಈ ದೇಶದ ಸರ್ಕಾರ ಕೆಲವು ಹೊಳೆ, ಹಳ್ಳಗಳನ್ನು ಹವ್ಯಾಸಕ್ಕೆ ಚಿನ್ನ ಹುಡುಕುವವರಿಗೆಂದೇ ಬಿಟ್ಟುಕೊಟ್ಟಿದೆ. ಇದೂ ಅಂಥದ್ದೇ. ಪರವಾನಗಿ ಬೇಕಿಲ್ಲ. ಆದರೆ ಗುರುತು ಹಾಕಿದ ಜಾಗದ ಒಳಗೇ ಇರಬೇಕು, ಮೋಟಾರ್ ಇಲ್ಲದ ಕೈಸಲಕರಣೆ ಮಾತ್ರ ಬಳಸಬೇಕು. ಕ್ರೈಸ್ಟ್‌ಚರ್ಚ್‌ನಿಂದ ಲೂಯಿಸ್ ಪಾಸ್ ಘಾಟಿ ದಾಟಿ ಹೋಗಲು 3 ತಾಸಿಗೂ ಜಾಸ್ತಿ ಹಿಡಿಯುತ್ತದೆ. ತುಂಬುತೋಳಿನ ಅಂಗಿ ಮರೆಯಬೇಡಿ. ಅಲ್ಲಿನ ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ನೊಣ ಕಚ್ಚಿದರೆ ವಾರವಿಡೀ ತುರಿಕೆ.

ನಾನು ಗದಗದ ಕಡೆಯವನು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ, ಡೋಣಿ, ಸೊರಟೂರಿನ ಸುತ್ತ, ಹಿಂದೆ ಜಾಲಗಾರರು ಮಳೆಗಾಲದ ನಂತರ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಆ ಕೆಲಸವನ್ನು ಕಣ್ಣಾರೆ ನೋಡುವ ಆಸೆ ಚಿಕ್ಕಂದಿನಿಂದ ಇತ್ತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಗುದ್ದಲಿ ಹಾಕುವ ಮಾತೇ ಇಲ್ಲ, ಹಾಕಲೂಬಾರದು. ಹಾಗಾಗಿ ಆ ಆಸೆ ಈ ದೂರದ ಹಳ್ಳದಲ್ಲಿ ಈಡೇರಿತು.

ಮೂರೂ ಸಲಕರಣೆಗೆ ಗರಸು ಒಂದೇ ಕಡೆಯದು. ಹಳ್ಳ ತಿರುಗುವಲ್ಲಿ ಒಳಬದಿಗೆ ನೀರಿನ ವೇಗ ಕಡಿಮೆಯಾಗುತ್ತದೆ, ಭಾರದ್ದು ಅಲ್ಲೇ ಕೂರುತ್ತದೆ. ಅಲ್ಲಿ ತಳಬಂಡೆ ಸಿಗುವವರೆಗೆ ತೋಡಿ, ಬಂಡೆಯ ಸೀಳುಗಳನ್ನೂ ಕೆರೆದು ಬಕೆಟ್ ತುಂಬಿಸಿದೆ. ಎಲ್ಲವನ್ನೂ 12 ಮಿ.ಮೀ. ಕಣ್ಣಿನ ಜರಡಿ ಹಿಡಿದೆ. ಹಾಗಿದ್ದರೂ ಒಂದು ಬಕೆಟ್‌ನಂತೆ ಇನ್ನೊಂದು ಇರುವುದಿಲ್ಲ. ಮುಂದೆ ಹೇಳುವ ಲೆಕ್ಕವನ್ನು ಅದು ನೆನಪಿಟ್ಟುಕೊಂಡೇ ಓದಿ.

ಮೊದಲು ಪ್ಯಾನ್. ನನ್ನದು ಹಸಿರು ಪ್ಲಾಸ್ಟಿಕ್‌ನದು, ಒಂದು ಬದಿಗೆ ಚಿನ್ನ ತಡೆದು ನಿಲ್ಲಿಸುವ ಗೀರುಗಳಿವೆ. ಹಳೇ ಕಾಲದ ಕಬ್ಬಿಣದ ಪ್ಯಾನ್ ಕೂಡ ಹಿಡಿದು ನೋಡಿದ್ದೇನೆ. ಭಾರ, ತುಕ್ಕು ಬೇರೆ. ಹಸಿರಿನ ಮೇಲೆ ಹಳದಿ ಕಣ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕರಿ ಮರಳನ್ನು ಅಯಸ್ಕಾಂತದಿಂದ ಎಳೆಯುವಾಗ ಪ್ಲಾಸ್ಟಿಕ್ ಅಡ್ಡ ಬರುವುದಿಲ್ಲ.

ಕೆಲಸದ ಗುಟ್ಟು ತೂಕದಲ್ಲಿದೆ. ಬಿಳಿಗಲ್ಲು ನೀರಿಗಿಂತ ಸುಮಾರು 2.6 ಪಟ್ಟು ಭಾರ, ಕರಿ ಮರಳಿನಲ್ಲಿರುವ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು 5 ಪಟ್ಟು, ಅಪ್ಪಟ ಚಿನ್ನ 19 ಪಟ್ಟು. ನೀರಲ್ಲಿ ಚೆನ್ನಾಗಿ ಕುಲುಕಿದರೆ ಚಿನ್ನ ತಾನಾಗಿ ತಳ ಸೇರುತ್ತದೆ. ಇದು ಗೊತ್ತಿದ್ದೂ ನನ್ನ ಮೊದಲ ಎರಡು ದಿನ ಹಾಳಾದವು. ಕುಲುಕುವ ಮೊದಲೇ ಪ್ಯಾನ್ ಓರೆ ಮಾಡಿ ನೀರು ಚೆಲ್ಲುತ್ತಿದ್ದೆ. ಮನೆಯಲ್ಲಿ ಟಬ್ ಇಟ್ಟುಕೊಂಡು ಅಭ್ಯಾಸ ಮಾಡುವಾಗ ಅವ್ವ ವಿಡಿಯೊ ಕಾಲ್‌ನಲ್ಲಿ ನೋಡಿದಳು. "ಅಕ್ಕಿ ಜಾಲಿಸಿದಂಗ ಐತಲ್ಲೋ ಇದು! ಮೊದ್ಲ ಕಲ್ಲು ಕೆಳಗ ಕುಂದ್ರಲಿ, ಆಮ್ಯಾಲ ಬಗ್ಗಸು. ಕೈ ಸಡ್ಲ ಬಿಡು," ಅಂದಳು. ಅಕ್ಕಿಯಲ್ಲಿ ಕಲ್ಲು ತಳದಲ್ಲಿ ಉಳಿದು ಅಕ್ಕಿ ಆಚೆ ಹೋಗುತ್ತದೆ. ಇಲ್ಲಿ ಮರಳು ಆಚೆ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಅವತ್ತಿನಿಂದ ಕೈ ಕುದುರಿತು. ಎಷ್ಟೋ ವಿಡಿಯೊ ನೋಡಿ ಬಾರದ್ದು ಆ ಒಂದು ಮಾತಿಗೆ ಬಂತು.

ಆರು ಬಕೆಟ್‌ಗೆ ಪ್ಯಾನ್‌ನಲ್ಲಿ 31 ಕಣ ಸಿಕ್ಕವು. ಹೆಚ್ಚಿನವು ಸಾಸಿವೆಗಿಂತ ತುಂಬಾ ಸಣ್ಣವು. ನನ್ನ ತಕ್ಕಡಿಯಲ್ಲಿ 0.04 ಗ್ರಾಂ. ಮೂರು ತಾಸು ತಣ್ಣೀರಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಕ್ಕೆ ಸೊಂಟ, ಮೊಣಕಾಲು ಎರಡೂ ಹಿಡಿದುಕೊಂಡವು.

ಸ್ಲೂಯಿಸ್ ಅಂದರೆ ಎರಡೂ ತುದಿ ತೆರೆದ ಉದ್ದನೆಯ ತೊಟ್ಟಿ. ತಳಕ್ಕೆ ನಾರಿನ ಹಾಸು, ಅದರ ಮೇಲೆ ಅಡ್ಡಪಟ್ಟಿಗಳು. ಹರಿಯುವ ನೀರಲ್ಲಿ ಇಟ್ಟು ಮೇಲಿನ ತುದಿಯಿಂದ ಗರಸು ಸುರಿದರೆ ಹಗುರದ್ದು ತೇಲಿ ಹೋಗುತ್ತದೆ, ಭಾರದ್ದು ಪಟ್ಟಿಯ ಹಿಂದಿನ ಸುಳಿಯಲ್ಲಿ ಬಿದ್ದು ನಾರಿನ ಹಾಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನದು 90 ಸೆಂ.ಮೀ. ಉದ್ದದ ಅಲ್ಯೂಮಿನಿಯಂದು.

ಮೊದಲ ಸಲ ಇದರಲ್ಲಿ ಸಿಕ್ಕಿದ್ದು 19 ಕಣ ಮಾತ್ರ. ಸಂಶಯ ಬಂದು, ಬಾಲದ, ಅಂದರೆ ನೀರು ಹೊರಬೀಳುವ ತುದಿಯ, ಕೆಳಗೆ ಬಕೆಟ್ ಹಿಡಿದು, ಅಲ್ಲಿ ಬಿದ್ದ ಮರಳನ್ನು ಪ್ಯಾನ್‌ನಲ್ಲಿ ಜಾಲಿಸಿದೆ. ಅದರಲ್ಲೂ ಚಿನ್ನ! ಇಳಿಜಾರು ಜಾಸ್ತಿಯಾಗಿ ನೀರು ಎಲ್ಲವನ್ನೂ ಬಾಚಿಕೊಂಡು ಹೋಗುತ್ತಿತ್ತು. ಮುಂದಿನ ಸಲ ಮೇಲಿನ ತುದಿಯನ್ನು ಕೆಳಗಿನದಕ್ಕಿಂತ ಸುಮಾರು 7 ಸೆಂ.ಮೀ. ಮಾತ್ರ ಎತ್ತರಕ್ಕಿಟ್ಟೆ. ಸಲಿಕೆಗಟ್ಟಲೆ ಸುರಿಯುವುದು ಬಿಟ್ಟು ಹಿಡಿಹಿಡಿಯಾಗಿ ಹಾಕಿದೆ. ಪಟ್ಟಿಗಳ ಹಿಂದೆ ಕರಿ ಮರಳು ಗಟ್ಟಿಯಾಗಿ ತುಂಬಿಕೊಂಡರೆ ಹೊಸ ಚಿನ್ನಕ್ಕೆ ಕೂರಲು ಜಾಗ ಇರುವುದಿಲ್ಲ. ಅದಕ್ಕೇ ನಡುವೆ ಒಮ್ಮೆ ಹಾಸು ತೊಳೆದೆ. ಈ ಸಲ 29 ಕಣ, ಬಾಲದ ಮರಳಲ್ಲಿ ಒಂದೂ ಇಲ್ಲ.

1860ರ ದಶಕದಲ್ಲಿ ಇದೇ ದ್ವೀಪದ ಒಟಾಗೊ ಪ್ರಾಂತ್ಯಕ್ಕೆ ಬಂದ ಚೀನೀ ಗಣಿಗಾರರು, ಯುರೋಪಿನವರು ತೊಳೆದು ಬಿಟ್ಟುಹೋದ ಮರಳನ್ನೇ ಮತ್ತೆ ತೊಳೆದು ಚಿನ್ನ ತೆಗೆದರು. ಆ ಬಾಲದ ಬಕೆಟ್ ನೋಡಿದ ಮೇಲೆ ಅವರ ತಾಳ್ಮೆಯ ಮೇಲೆ ನನಗೆ ಗೌರವ ಹೆಚ್ಚಾಯಿತು.

40 ನಿಮಿಷ ಅಂದೆನಲ್ಲ, ಅದು ಪೂರ್ತಿ ಲೆಕ್ಕ ಅಲ್ಲ. ಕಲ್ಲು ಜೋಡಿಸಿ ನೀರು ತಿರುಗಿಸಿ ಸ್ಲೂಯಿಸ್ ಕೂರಿಸಲು ಅರ್ಧ ತಾಸು. ಕೊನೆಗೆ ಹಾಸನ್ನು ಬಕೆಟ್‌ನಲ್ಲಿ ಹಿಂಡಿ, ಬಂದದ್ದನ್ನು ಪ್ಯಾನ್‌ನಲ್ಲೇ ಜಾಲಿಸಬೇಕು. ಅಂದರೆ ಪ್ಯಾನ್ ಬಾರದವನಿಗೆ ಸ್ಲೂಯಿಸ್ ಇದ್ದೂ ಉಪಯೋಗವಿಲ್ಲ. ಗರಸು ಜಾಸ್ತಿ ಇದ್ದರೆ ಮಾತ್ರ ಇದರ ಲಾಭ. ಆರು ಬಕೆಟ್‌ಗೆ ಅಷ್ಟಕ್ಕಷ್ಟೆ, ನಲವತ್ತು ಬಕೆಟ್‌ಗೆ ಬೇರೆ ದಾರಿಯೇ ಇಲ್ಲ.

ತೊಟ್ಟಿಲನ್ನು ಇಲ್ಲಿ ರಾಕರ್ ಅನ್ನುತ್ತಾರೆ. ಪಕ್ಕದ ಮನೆಯ ಹಿರಿಯರು ಕೈಯಾರೆ ಮಾಡಿದ ಮರದ ರಾಕರ್ ಎರವಲು ಕೊಟ್ಟರು. ಮೇಲೆ ಜರಡಿಯ ಪೆಟ್ಟಿಗೆ, ಅದರಡಿ ಇಳಿಜಾರಾಗಿ ಕಟ್ಟಿದ ಬಟ್ಟೆ, ಕೆಳಗೆ ಅಡ್ಡಪಟ್ಟಿ, ತಳದಲ್ಲಿ ಬಾಗಿದ ಎರಡು ಕಾಲು. ಒಂದು ಕೈಯಲ್ಲಿ ನೀರು ಹೊಯ್ಯಬೇಕು, ಇನ್ನೊಂದರಲ್ಲಿ ತೂಗಬೇಕು. ಇಬ್ಬರಿದ್ದರೆ ಸಲೀಸು. ಒಬ್ಬನೇ ಆದರೆ ತೋಳು ಸೋತು ತೂಗುವ ಲಯ ತಪ್ಪುತ್ತದೆ. 26 ಕಣ ಸಿಕ್ಕವು. ಕಾರಿಂದ ಹಳ್ಳಕ್ಕೆ ಹೊತ್ತು ತರುವುದೇ ಒಂದು ಕೆಲಸ.

ಆದರೂ ಇದರ ಮೇಲೆ ನನಗೆ ಪ್ರೀತಿ. ತೊಟ್ಟಿಲಿಗೆ ಹರಿಯುವ ನೀರು ಬೇಕಿಲ್ಲ. ಒಂದು ಗುಂಡಿ ನೀರು ಸಾಕು, ಅದನ್ನೇ ತಿರುಗಿ ತಿರುಗಿ ಹೊಯ್ಯಬಹುದು. ಮಳೆ ನಿಂತು ಕೆಲವೇ ವಾರಕ್ಕೆ ಬತ್ತುವ ನಮ್ಮ ಬಯಲುಸೀಮೆಯ ಹಳ್ಳಕ್ಕೆ ಒಪ್ಪುವ ಸಲಕರಣೆ ಇದು. ಸದಾ ಮಳೆ ಸುರಿಯುವ ಈ ಕರಾವಳಿಯಲ್ಲಿ ಇದರ ಗುಣಕ್ಕೆ ಕೆಲಸವಿಲ್ಲ, ಅಷ್ಟೆ.

ಯಾವುದರಲ್ಲಿ ತೊಳೆದರೂ ಕೊನೆಯ ಹಂತವನ್ನು ಮನೆಯ ಟಬ್‌ನಲ್ಲಿ ಮಾಡಿ. ಹಿಟ್ಟಿನಂಥ ಸಣ್ಣ ಚಿನ್ನ ನೀರಿನ ಮೇಲೆ ತೇಲುತ್ತದೆ. ಟಬ್‌ಗೆ ಒಂದು ಹನಿ ಪಾತ್ರೆ ಸೋಪು ಹಾಕಿದರೆ ಮುಳುಗುತ್ತದೆ. ಹಳ್ಳಕ್ಕೆ ಸೋಪು ಹಾಕಬೇಡಿ. ಹಳಬರು ಪಾದರಸ ಬಳಸುತ್ತಿದ್ದರು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ನಿಮ್ಮ ಶ್ವಾಸಕ್ಕೂ ವಿಷ, ನೀರಿಗೂ ವಿಷ.

ಹೊಸಬರು ಯಾವುದು ಕೊಳ್ಳಲಿ ಅಂತ ಕೇಳಿದರೆ ಒಂದು ಪ್ಯಾನ್, ಒಂದು ಜರಡಿ ಅನ್ನುತ್ತೇನೆ. ಮೂರ್ನಾಲ್ಕು ಸಲ ಹೋಗಿ, ಒಳ್ಳೆಯ ಗರಸು ಎಲ್ಲಿದೆ ಅಂತ ಪ್ಯಾನ್‌ನಲ್ಲಿ ಕಂಡುಕೊಂಡ ಮೇಲೆ ಸ್ಲೂಯಿಸ್ ತನ್ನಿ. ನನ್ನ ಕಾರಲ್ಲಿ ಈಗ ಇವೆರಡೂ ಇರುತ್ತವೆ. ತೊಟ್ಟಿಲಿನ ಜರಡಿ ಸಡಿಲವಾಗಿತ್ತು. ಹೊಸ ಮೊಳೆ ಹೊಡೆದು ಕಳೆದ ಭಾನುವಾರ ಹಿರಿಯರಿಗೆ ವಾಪಸ್ ಕೊಟ್ಟೆ.